ಬೋರ್ಡಿಗೆ ಬಾರದ ಧಾರಣೆ

ಬೆಳಗಿನ ಪತ್ರಿಕೆ ಕೈಗೆ ಬಂದ ಕೂಡಲೇ ಹೆಗ್ಗೋಡಿನ ತೋಟದ ಮನೆಗಳಲ್ಲಿ ಮೊದಲು ಓದುವುದು ಮುಖಪುಟವನ್ನಲ್ಲ, ಪೇಟೆ ಧಾರಣೆಯನ್ನು. ಸಾಗರದ ಹೆಸರಿನ ಕೆಳಗೆ ಸಿಪ್ಪೆಗೋಟು, ಬಿಳೆಗೋಟು, ಕೆಂಪುಗೋಟು, ಕೋಕಾ, ಚಾಲಿ, ರಾಶಿ ಎಂದು ಸಾಲಾಗಿ ಅಡಿಕೆಯ ಬಗೆಗಳಿರುತ್ತವೆ. ಒಂದೊಂದಕ್ಕೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ಲೆಕ್ಕ ಇರುತ್ತದೆ. ನಿನ್ನೆ ನೂರು ರೂಪಾಯಿ ಇಳಿದಿದ್ದರೂ ಇವತ್ತು ಕಾಫಿ ಕುಡಿಯುವಾಗ ಅದೇ ಮಾತು.

ಅದೇ ಅಡಿಕೆ ಸಾಗರದ ಯಾರ್ಡಿನಿಂದ ಲಾರಿ ಹತ್ತಿ ನಾಗಪುರಕ್ಕೋ ಕಾನಪುರಕ್ಕೋ ದೆಹಲಿಗೋ ಹೋಗುತ್ತದಲ್ಲ, ಅದರ ಬಾಡಿಗೆಯ ಧಾರಣೆ ಯಾವ ಪತ್ರಿಕೆಯಲ್ಲಿ ಬರುತ್ತದೆ? ಎಲ್ಲಿಯೂ ಬರುವುದಿಲ್ಲ. ನಮ್ಮಂಥ ಪತ್ರಿಕೆಯವರು ಅದನ್ನು ಕೇಳಿಕೊಂಡು ಹೋಗುವುದೂ ಇಲ್ಲ. ಆ ದರ ಹುಟ್ಟುವುದು ಟ್ರಾನ್ಸ್‌ಪೋರ್ಟ್ ಆಫೀಸಿನ ಮೇಜಿನ ಮುಂದೆ ಅಥವಾ ಫೋನಿನಲ್ಲಿ, ಇಬ್ಬರ ನಡುವೆ. ಲಾರಿ ಹೊರಟ ಮೇಲೆ ಅದು ಆ ಇಬ್ಬರಿಗೆ ಮಾತ್ರ ನೆನಪಿರುತ್ತದೆ. ಒಂದೇ ಯಾರ್ಡಿನಲ್ಲಿ ಸರಕಿನ ಬೆಲೆ ಊರಿಗೆಲ್ಲ ಗೊತ್ತಿದ್ದು, ಅದನ್ನು ಹೊರುವ ಬೆಲೆ ಮಾತ್ರ ಗುಟ್ಟಾಗಿರುವುದು ಏಕೆ ಎಂಬುದು ಸ್ವಲ್ಪ ವಿಚಾರಿಸಬೇಕಾದ ಸಂಗತಿ.

ಅಡಿಕೆಯ ಬೆಲೆಯೂ ಮೊದಲಿನಿಂದ ಹೀಗೆ ಬಯಲಿನಲ್ಲಿ ಇರಲಿಲ್ಲ. ಜಾತ್ರೆಗಳಲ್ಲಿ ಎತ್ತಿನ ವ್ಯಾಪಾರ ನೋಡಿದವರಿಗೆ ಟವಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುವ ಪದ್ಧತಿ ಗೊತ್ತಿರುತ್ತದೆ. ಸುತ್ತ ಹತ್ತು ಜನ ನಿಂತಿದ್ದರೂ ದರ ಗೊತ್ತಾಗುವುದು ಎರಡು ಕೈಗಳಿಗೆ ಮಾತ್ರ. ದೇಶದ ಅನೇಕ ಮಂಡಿಗಳಲ್ಲಿ ಕೃಷಿ ಉತ್ಪನ್ನವೂ ಹೀಗೆಯೇ ಮಾರಾಟವಾಗುತ್ತಿತ್ತು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಿದ್ದಕ್ಕೆ ಮಂಡಿಗಳ ಇಂಥ ವ್ಯವಹಾರವೂ ಒಂದು ಕಾರಣ. ಮಲೆನಾಡಿನಲ್ಲಿ ಇನ್ನೊಂದು ತೊಡಕಿತ್ತು. ಬೆಳೆಗಾರ ಮಳೆಗಾಲದಲ್ಲಿ ದಲ್ಲಾಳಿಯಿಂದ ಮುಂಗಡ ಸಾಲ ತಂದಿರುತ್ತಿದ್ದ. ಸಾಲ ಕೊಟ್ಟವನ ಮಂಡಿಗೇ ಅಡಿಕೆ ಹಾಕಬೇಕು, ಅವನು ಹೇಳಿದ್ದೇ ಬೆಲೆ.

ಇದರಿಂದ ಬೆಳೆಗಾರ ಹೊರಬಂದದ್ದು ಸಹಕಾರ ಸಂಘದ ದಾರಿಯಲ್ಲಿ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್‌ಕೋಸ್ 1939ರಲ್ಲಿ, ಕರಾವಳಿಯ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದವು. ನಡುವೆ 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂತು. ವ್ಯಾಪಾರಿಗಳು ರಾಶಿ ನೋಡಿ ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವುದು, ಪೆಟ್ಟಿಗೆ ತೆರೆದು ಹೆಚ್ಚು ಕೊಟ್ಟವನಿಗೆ ಮಾಲು ಕೊಡುವುದು ರೂಢಿಯಾಯಿತು. ರಾಜ್ಯದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂತು. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಮಾರದೆ ಇಟ್ಟುಕೊಳ್ಳಬಹುದು. ಸಂಘ ಅಡಿಕೆಯ ಮೇಲೆ ಸಾಲ ಕೊಡುತ್ತದೆ, ಅಡಿಕೆ ಗೋದಾಮಿನಲ್ಲಿ ಕಾಯುತ್ತದೆ.

ಈ 'ಕಾಯುತ್ತದೆ' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲಾರಿಯ ಕಥೆ ಬೇರೆಯಾಗುವುದು ಇಲ್ಲಿಯೇ.

ಲಾರಿಗೆ ಬರುವ ಮೊದಲು ಎತ್ತಿನ ಬಗ್ಗೆ ಒಂದು ಮಾತು. ಈ ಸೀಮೆಯಿಂದ ಸರಕು ಹೊರಗೆ ಹೋಗುವುದು ಹೊಸ ಸಂಗತಿಯಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಆಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಪೋರ್ಚುಗೀಸರಿಗೆ ಅವನ ಸೀಮೆಯ ಕಾಳುಮೆಣಸು ಬೇಕಿತ್ತು. ಆ ಕಾಲದಲ್ಲಿ ಮೆಣಸೂ ಅಡಿಕೆಯೂ ಘಟ್ಟ ಇಳಿಯುತ್ತಿದ್ದದ್ದು ಹೇರೆತ್ತಿನ ಬೆನ್ನ ಮೇಲೆ. ಹಳೆಯ ಶಾಸನಗಳಲ್ಲಿ 'ಹೇರು' ಎಂಬುದು ಒಂದು ಅಳತೆಯೇ ಆಗಿದೆ. ಒಂದು ಹೇರಿಗೆ ಇಷ್ಟು ಸುಂಕ, ದೇವಸ್ಥಾನಕ್ಕೆ ಇಷ್ಟು ಅಡಿಕೆ ಎಂದು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಎತ್ತು ಹೊಡೆದುಕೊಂಡು ಬರುತ್ತಿದ್ದ ಲಂಬಾಣಿಗಳು ಬಹುಮಟ್ಟಿಗೆ ತಾವೇ ವ್ಯಾಪಾರಿಗಳು. ಮೇಲಿನಿಂದ ದವಸ ಇಳಿಸಿ ಕೆಳಗಿನಿಂದ ಉಪ್ಪು ಹೇರಿಕೊಂಡು ಬರುವವರು. ಹೊರುವವನೂ ಮಾರುವವನೂ ಒಬ್ಬನೇ ಆದಾಗ ಬಾಡಿಗೆಯ ಚೌಕಾಶಿಗೆ ಜಾಗವೇ ಇಲ್ಲ. ಹೋಗುವಾಗಲೂ ಬರುವಾಗಲೂ ಎತ್ತಿನ ಬೆನ್ನು ತುಂಬಿರುತ್ತಿತ್ತು ಎಂಬುದನ್ನೂ ಗಮನಿಸಬೇಕು.

ಇವತ್ತಿನ ಒಂಟಿ ಲಾರಿಯ ಮಾಲೀಕ ಹೊರುವವನು ಮಾತ್ರ. ದೇಶದ ಲಾರಿಗಳಲ್ಲಿ ಬಹುಪಾಲು ಇರುವುದು ದೊಡ್ಡ ಕಂಪೆನಿಗಳ ಕೈಯಲ್ಲಲ್ಲ; ಒಂದೋ ಎರಡೋ, ಹೆಚ್ಚೆಂದರೆ ಐದು ಲಾರಿ ಇರುವವರ ಕೈಯಲ್ಲಿ. ತಾನೇ ಮಾಲೀಕ, ತಾನೇ ಡ್ರೈವರ್. ಫೈನಾನ್ಸಿನ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಅಡಿಕೆಯ ಸೀಜನ್ ಹಾಗೆ ಬರುವುದಿಲ್ಲ. ಸುಗ್ಗಿ ಮುಗಿದು ಜೂನ್ ತಿಂಗಳ ಮಳೆ ಹಿಡಿದರೆ ಯಾರ್ಡಿನಲ್ಲಿ ಲೋಡು ಕಡಿಮೆ, ಟಾರ್ಪಾಲು ಹೊದ್ದು ನಿಂತ ಲಾರಿಗಳು ಜಾಸ್ತಿ.

ಹೆಗ್ಗೋಡಿನಿಂದ ಸಾಗರಕ್ಕೆ ಹತ್ತು ಕಿಲೋಮೀಟರಿನ ಆಸುಪಾಸು. ಅಷ್ಟು ದೂರದ ಬಾಡಿಗೆಯಲ್ಲಿ ಗುಟ್ಟೇನೂ ಇಲ್ಲ. ಊರಿನ ಪಿಕಪ್ ಗಾಡಿಯವನು ಚೀಲಕ್ಕೆ ಎಷ್ಟು ತೆಗೆದುಕೊಳ್ಳುತ್ತಾನೆ ಎಂಬುದು ಪಕ್ಕದ ಮನೆಯವರಿಗೂ ಗೊತ್ತು. ಒಬ್ಬರಿಗೆ ಹೆಚ್ಚು ಹೇಳಿದರೆ ಸಂಜೆಯೊಳಗೆ ಸುದ್ದಿ ಊರು ಸುತ್ತುತ್ತದೆ. ನೀನಾಸಂ ನಾಟಕ ನೋಡಲು ದೂರದಿಂದ ಬರುವವರು ಆಟೋದವರ ಬಾಯಲ್ಲಿ ಒಂದೇ ದರ ಕೇಳುವುದೂ ಇದೇ ಕಾರಣಕ್ಕೆ ಇರಬಹುದು. ದೂರ ಹೆಚ್ಚಿದಂತೆ ಈ ಪರಿಚಯದ ಕಟ್ಟು ಸಡಿಲವಾಗುತ್ತದೆ. ಸಾಗರದ ಸಾಹುಕಾರನಿಗೆ ನಾಗಪುರಕ್ಕೆ ಹೋಗುವ ಲಾರಿಯವನು ಯಾರೆಂದು ಗೊತ್ತಿಲ್ಲ. ಲಾರಿಯವನಿಗೆ ಸಾಹುಕಾರ ಹಣ ಕೊಡುತ್ತಾನೋ ಇಲ್ಲವೋ ಗೊತ್ತಿಲ್ಲ. ಇಬ್ಬರನ್ನೂ ಬಲ್ಲವನೊಬ್ಬ ನಡುವೆ ಬೇಕಾಗುತ್ತದೆ. ಅವನೇ ಬ್ರೋಕರ್.

ಬ್ರೋಕರ್ ಎಂದರೆ ಕೂತು ತಿನ್ನುವವನು ಎಂಬ ಮಾತು ಲಾರಿಯವರಲ್ಲಿ ಸಾಮಾನ್ಯ. ಆದರೆ ಅವನ ಕೆಲಸವನ್ನೂ ನೋಡಬೇಕು. ಮೂರು ಆಕ್ಸಲಿನ, ಅಂದರೆ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿತು. ಖಾಲಿ ಲಾರಿಯ ತೂಕ ಕಳೆದರೆ ಸರಕು ಸುಮಾರು 18 ಟನ್. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ಎಂದಿಟ್ಟುಕೊಂಡರೆ ಆ ಒಂದು ಲಾರಿಯ ಮೇಲೆ 90 ಲಕ್ಷ ರೂಪಾಯಿಯ ಮಾಲು ಕೂತಿದೆ. ಇಷ್ಟನ್ನು ಮುಖಪರಿಚಯವಿಲ್ಲದವನ ಕೈಗೆ ಕೊಟ್ಟು ಕಳಿಸುವುದಕ್ಕೆ ಯಾರಾದರೂ ಜವಾಬು ಹೇಳಬೇಕಲ್ಲ. ಬ್ರೋಕರ್ ಆರ್‌ಸಿ ನೋಡುತ್ತಾನೆ, ಪರ್ಮಿಟ್, ಎಫ್‌ಸಿ, ಇನ್ಶೂರೆನ್ಸ್ ನೋಡುತ್ತಾನೆ, ಲೈಸೆನ್ಸಿನ ಪ್ರತಿ ಇಟ್ಟುಕೊಳ್ಳುತ್ತಾನೆ, ಅವನ ಊರಿನ ಪರಿಚಯದವರಿಗೆ ಒಂದು ಫೋನ್ ಮಾಡುತ್ತಾನೆ. ಹೊರಡುವ ಮುಂಚೆ ಡೀಸೆಲ್ಲಿಗೆ ಅಡ್ವಾನ್ಸ್ ಕೊಡುತ್ತಾನೆ. ಕಾನೂನು ಕೂಡ ಇವನನ್ನು ಮರೆತಿಲ್ಲ. ಸರಕು ಸಂಗ್ರಹಿಸಿ ಲಾರಿಗೆ ಒದಗಿಸುವ ಏಜೆಂಟರಿಗೆ ಲೈಸೆನ್ಸ್ ಇರಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 93ನೆಯ ಸೆಕ್ಷನ್ ಹೇಳುತ್ತದೆ. ಸರಕು ಸಾಗಾಟವನ್ನೇ ಉದ್ಯೋಗ ಮಾಡಿಕೊಂಡ ಸಂಸ್ಥೆಗಳು ನೋಂದಣಿ ಮಾಡಿಸಬೇಕೆಂದು 2007ರ ರಸ್ತೆ ಸಾಗಣೆ ಕಾಯಿದೆ ಹೇಳುತ್ತದೆ. ಅದು 1865ರ ಹಳೆಯ ಕಾಯಿದೆಯ ಜಾಗಕ್ಕೆ ಬಂದದ್ದು, ಜಾರಿಯಾದದ್ದು 2011ರಲ್ಲಿ.

ಇನ್ನು ಮಾತುಕತೆ. ಅದು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ.

"ನಾಗಪುರಕ್ಕೊಂದು ಲೋಡ್ ಇದೆ, ಹೋಗ್ತೀಯಾ ಮಾರಾಯ?"

"ಹೋಗದೆ ಎಂತ ಮಾಡೂದು ಅಣ್ಣ. ಟನ್ನಿಗೆ ಎಷ್ಟು ಕೊಡ್ತೀರಿ?"

"ನೀನೇ ಹೇಳು, ಎಷ್ಟಾದ್ರೆ ಹೋಗ್ತೀಯ."

"ನೀವು ಹೇಳಿ ಅಣ್ಣ. ನಾ ಹೇಳಿದ್ರೆ ಜಾಸ್ತಿ ಅಂತೀರಿ."

ಇಬ್ಬರೂ ಅಂಕಿ ಹೇಳಲು ಹಿಂಜರಿಯುವುದು ನಾಚಿಕೆಯಿಂದಲ್ಲ. ಮೊದಲು ಅಂಕಿ ಹೇಳಿದವನು ತನ್ನ ಅಗತ್ಯವನ್ನು ತೋರಿಸಿಕೊಂಡಂತೆ. ಲಾರಿಯವನು ಕಡಿಮೆ ಹೇಳಿದರೆ ಅವನಿಗೆ ಲೋಡಿಲ್ಲ ಎಂದರ್ಥ. ಬ್ರೋಕರ್ ಮೊದಲೇ ಹೆಚ್ಚು ಹೇಳಿದರೆ ಪಾರ್ಟಿ ಅವಸರ ಮಾಡುತ್ತಿದ್ದಾನೆ, ಇವತ್ತೇ ಲಾರಿ ಬೇಕು ಎಂದರ್ಥ. ಅದಕ್ಕೇ ಅನುಭವಸ್ಥ ಡ್ರೈವರ್ ಬಾಡಿಗೆಯ ಮಾತು ಬಿಟ್ಟು ಬೇರೆ ಮಾತು ಎತ್ತುತ್ತಾನೆ. ಮಾಲು ಯಾವಾಗ ತುಂಬಿಸುತ್ತೀರಿ? ಒಂದೇ ಕಡೆ ಇಳಿಸುವುದೋ, ಎರಡು ಕಡೆಯೋ? ಹಮಾಲಿ ಯಾರದು? ಅಲ್ಲಿ ಗೋದಾಮಿನ ಮುಂದೆ ಎರಡು ದಿನ ನಿಲ್ಲಿಸಿದರೆ ಹಾಲ್ಟಿಂಗ್ ಕೊಡುತ್ತೀರಾ? ಅಡ್ವಾನ್ಸ್ ಎಷ್ಟು, ಬಾಕಿ ಅಲ್ಲೇ ಕೊಡುತ್ತಾರೋ, ಸಹಿ ಹಾಕಿದ ಬಿಲ್ಟಿ ವಾಪಸು ತಂದ ಮೇಲೆ ಇಲ್ಲಿಯೋ? ಟನ್ನಿಗೆ ನೂರು ರೂಪಾಯಿ ಜಗ್ಗಾಡಿ ಗೆದ್ದು, ಹಾಲ್ಟಿಂಗಿನ ಮಾತು ಮರೆತು, ಗೆದ್ದದ್ದರ ಎರಡು ಪಟ್ಟು ಕಳೆದುಕೊಳ್ಳುವುದು ಹೊಸಬರಿಗೆ ತೀರ ಸಾಮಾನ್ಯ.

ಅಡಿಕೆಯ ಲೋಡಿಗೆ ಇನ್ನೊಂದು ಪ್ರಶ್ನೆ ಹೆಚ್ಚು. ಕಾಗದ ಸರಿಯಿದೆಯೇ? 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು, 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂತು. ದಾರಿಯಲ್ಲಿ ತಪಾಸಣೆಯವರು ಹಿಡಿದಾಗ ಬಿಲ್ಲಿನಲ್ಲಿ ತಪ್ಪಿದ್ದರೆ ಮಾಲಿನ ಜೊತೆ ಲಾರಿಯನ್ನೂ ತಡೆದು ನಿಲ್ಲಿಸಬಹುದು. ತಪ್ಪು ಸಾಹುಕಾರನದಾದರೂ ರಸ್ತೆ ಬದಿಯಲ್ಲಿ ಅಡುಗೆ ಮಾಡಿಕೊಂಡು ಕೂರುವವನು ಡ್ರೈವರ್. ಇ-ವೇ ಬಿಲ್ಲಿನ ಆಯಸ್ಸೂ 200 ಕಿಲೋಮೀಟರಿಗೆ ಒಂದು ದಿನದಂತೆ ಲೆಕ್ಕ. ಸಾವಿರ ಕಿಲೋಮೀಟರಿಗೆ ಐದು ದಿನ. ಟೈರು ಸಿಡಿದೋ ಗೇರ್‌ಬಾಕ್ಸ್ ಕೈಕೊಟ್ಟೋ ತಡವಾದರೆ ಅವಧಿ ವಿಸ್ತರಿಸಿಕೊಳ್ಳಲು ಫೋನ್ ಹಿಡಿದು ಕೂರಬೇಕು. ಬಾಡಿಗೆಗೆ ಒಪ್ಪುವ ಮುಂಚೆ ಬಿಲ್ಲು ಕೈಗೆ ತೆಗೆದುಕೊಂಡು ನೋಡುವ ಡ್ರೈವರ್ ಹೆಚ್ಚು ಮಾತಾಡುವವನಿಗಿಂತ ಜಾಣ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು; ಡೀಸೆಲ್ ದರ ಬದಲಾದ ಹಾಗೆ ಓದುಗರು ತಿದ್ದಿಕೊಳ್ಳಬಹುದು. ನಾಗಪುರ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್. ಟನ್ನಿಗೆ 2,500ರಂತೆ 18 ಟನ್ನಿಗೆ ಬಾಡಿಗೆ 45,000 ರೂಪಾಯಿ. ಲೋಡು ತುಂಬಿದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ 250 ಲೀಟರ್ ಡೀಸೆಲ್. ಲೀಟರಿಗೆ 90 ಎಂದರೂ 22,500. ಟೋಲಿಗೆ 6,000, ಊಟ, ಹಮಾಲಿ, ದಾರಿಖರ್ಚಿಗೆ 4,500, ಬ್ರೋಕರಿಗೆ ಕಮಿಷನ್ 2,000. ಒಟ್ಟು 35,000. ಕೈಯಲ್ಲಿ ಉಳಿದದ್ದು ಹತ್ತು ಸಾವಿರ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಲಾರಿ ಈಗ ಇರುವುದು ನಾಗಪುರದಲ್ಲಿ. ಖಾಲಿ ವಾಪಸು ಬಂದರೆ ಲೀಟರಿಗೆ ಐದು ಕಿಲೋಮೀಟರಿನಂತೆ ಡೀಸೆಲ್ 18,000, ಟೋಲ್ 6,000, ಊಟಕ್ಕೆ ಎರಡು ಸಾವಿರ, ಒಟ್ಟು 26,000. ಹತ್ತು ಸಾವಿರ ಕಳೆದರೂ ಕೈಯಿಂದ ಹೋದದ್ದು 16,000. ಕಂತು, ಟೈರು, ಇನ್ಶೂರೆನ್ಸ್ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ.

ಹೀಗಾಗಿ ಅವನ ಬದುಕು ನಿಂತಿರುವುದು ವಾಪಸಿನ ಲೋಡಿನ ಮೇಲೆ. ಖಾಲಿ ಬರುವ ಬದಲು ತುಂಬಿಕೊಂಡು ಬಂದರೆ ಹೆಚ್ಚಾಗುವ ಖರ್ಚು ಎಷ್ಟು? ಐವತ್ತು ಲೀಟರ್ ಡೀಸೆಲ್, ಹಮಾಲಿ, ಕಮಿಷನ್ ಸೇರಿ 7,500 ಎಂದುಕೊಳ್ಳೋಣ. ಅದಕ್ಕಿಂತ ಹೆಚ್ಚು ಯಾರೇ ಕೊಟ್ಟರೂ ಖಾಲಿ ಬರುವುದಕ್ಕಿಂತ ಮೇಲು. ಓಡಾಟದ ಖರ್ಚು ಸರಿತೂಗಬೇಕಾದರೆ ಬೇಕಾದದ್ದು 23,500. ನಾಗಪುರದ ಬ್ರೋಕರಿಗೆ ಈ ಎರಡು ಅಂಕಿಗಳೂ ಚೆನ್ನಾಗಿ ಗೊತ್ತು. ಕರ್ನಾಟಕದ ನಂಬರ್ ಪ್ಲೇಟಿನ ಲಾರಿ ಎರಡು ದಿನದಿಂದ ನಿಂತಿದೆ ಎಂಬುದನ್ನೂ ಅವನು ನೋಡಿರುತ್ತಾನೆ. ಅಡಿಕೆಯವನಿಗೆ ದರ ಒಪ್ಪಿಗೆಯಾಗದಿದ್ದರೆ ಚೀಲ ಗೋದಾಮಿನಲ್ಲಿ ಇಡುತ್ತಾನೆ. ಲಾರಿಯವನು ಮಾರುತ್ತಿರುವುದು ಇವತ್ತಿನ ಖಾಲಿ ಜಾಗವನ್ನು. ಇವತ್ತು ಮಾರಾಟವಾಗದ್ದನ್ನು ನಾಳೆಗೆ ಇಟ್ಟುಕೊಳ್ಳಲು ಯಾವ ಗೋದಾಮೂ ಇಲ್ಲ.

ಇದರ ಇನ್ನೊಂದು ಮುಖ ಸಾಗರದಲ್ಲೇ ಕಾಣುತ್ತದೆ. ಮಲೆನಾಡಿಗೆ ಅಕ್ಕಿ, ಸಿಮೆಂಟು, ಗೊಬ್ಬರ, ಟೈಲ್ಸ್, ಕಬ್ಬಿಣ ಹೊತ್ತು ಹೊರಗಿನ ಲಾರಿಗಳು ಬರುತ್ತವೆ. ಇಳಿಸಿದ ಮೇಲೆ ಅವೂ ಲೋಡು ಹುಡುಕುತ್ತವೆ. ಸಾಗರದವನಿಗೆ ನಾಗಪುರದ ಲೋಡು 'ಹೋಗುವ ಬಾಡಿಗೆ'. ಮಹಾರಾಷ್ಟ್ರದಿಂದ ಬಂದು ನಿಂತವನಿಗೆ ಅದೇ ಲೋಡು 'ವಾಪಸಿನ ಬಾಡಿಗೆ'. ಮೇಲಿನ ಲೆಕ್ಕದ ಪ್ರಕಾರ ಅವನು ಎಷ್ಟು ಕೆಳಗೆ ಇಳಿಯಬಲ್ಲ ಎಂಬುದು ಓದುಗರಿಗೆ ತಿಳಿದೇ ಇದೆ. ಊರಿನ ಲಾರಿಯವನು ಹೊರಗಿನವನನ್ನು ಬೈಯುತ್ತಾನೆ. ನಾಗಪುರ ತಲುಪಿದ ಮೇಲೆ ಅಲ್ಲಿಯವರಿಂದ ಅದೇ ಬೈಗುಳವನ್ನು ಅವನೂ ಕೇಳುತ್ತಾನೆ.

ಹಾಗಾದರೆ 90 ಲಕ್ಷದ ಮಾಲಿನ ಧಣಿಗೆ 45 ಸಾವಿರದ ಬಾಡಿಗೆ ಭಾರವೇ? ನಮ್ಮ ಉದಾಹರಣೆಯಲ್ಲಿ ಅದು ಕ್ವಿಂಟಲಿಗೆ 250 ರೂಪಾಯಿ, ಮಾಲಿನ ಬೆಲೆಯ ಅರ್ಧ ಪರ್ಸೆಂಟು. ಪೇಟೆಯಲ್ಲಿ ರಾಶಿ ಅಡಿಕೆ ಒಂದು ದಿನದಲ್ಲಿ ಅದಕ್ಕಿಂತ ಹೆಚ್ಚು ಏರಿಳಿಯುವುದುಂಟು. ಆದರೂ ಲಾರಿಯವನ ಮುಂದೆ ಟನ್ನಿಗೆ ಐವತ್ತು ರೂಪಾಯಿಗೆ ಜಗ್ಗಾಟ ನಡೆಯುತ್ತದೆ. ಏಕೆಂದರೆ ಅನೇಕ ವೇಳೆ ಜಗ್ಗುವವನು ಮಾಲಿನ ಧಣಿ ಅಲ್ಲ. ಬ್ರೋಕರ್ ಅಥವಾ ಟ್ರಾನ್ಸ್‌ಪೋರ್ಟಿನವನು ಪಾರ್ಟಿಯ ಜೊತೆ ಒಂದು ದರ ಮಾತಾಡಿರುತ್ತಾನೆ, ಲಾರಿಯವನ ಜೊತೆ ಇನ್ನೊಂದು. ಬಾಯಿಬಿಟ್ಟು ಹೇಳುವ ಕಮಿಷನ್ ಎರಡು ಸಾವಿರ. ಎರಡು ದರಗಳ ನಡುವಿನ ಅಂತರ ಎಷ್ಟು ಎಂದು ಲಾರಿಯವನಿಗೆ ಗೊತ್ತಾಗುವುದಿಲ್ಲ. ಬಾಡಿಗೆ ಬೋರ್ಡಿಗೆ ಬಾರದಿರುವುದಕ್ಕೆ ನಿಜವಾದ ಕಾರಣ ಈ ಅಂತರ ಎಂದು ನನಗೆ ತೋರುತ್ತದೆ. ಎಲ್ಲ ಬ್ರೋಕರರೂ ಹೀಗೆ ಎಂದು ಹೇಳುತ್ತಿಲ್ಲ. ಮಳೆಗಾಲದಲ್ಲಿ ಕೈಗಡ ಕೊಟ್ಟು ಕಂತು ಕಟ್ಟಿಸುವವರೂ ಅವರಲ್ಲಿದ್ದಾರೆ. ಆದರೆ ಆ ಕೈಗಡ ತೀರುವ ತನಕ ಬೇರೆ ಆಫೀಸಿಗೆ ಹೋಗಿ ದರ ಕೇಳಲು ಮುಖ ಬರುವುದಿಲ್ಲ. ಮಂಡಿಯ ಸಾಲದ ಹಳೆಯ ಕಥೆ ಗೊತ್ತಿರುವ ಬೆಳೆಗಾರರ ಮನೆಗಳಲ್ಲಿ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಈ ಗುಟ್ಟು ಬರೀ ನಮ್ಮ ದೇಶದ್ದಲ್ಲ. ಅಮೆರಿಕದಲ್ಲಿ ಬ್ರೋಕರ್ ಪ್ರತಿ ಲೋಡಿನ ಲೆಕ್ಕ ಇಡಬೇಕು, ಕೇಳಿದರೆ ಲಾರಿಯವನಿಗೆ ತೋರಿಸಬೇಕು ಎಂಬ ನಿಯಮವಿದೆ. ಆದರೆ ಒಪ್ಪಂದ ಮಾಡಿಕೊಳ್ಳುವಾಗಲೇ 'ನಾನು ಲೆಕ್ಕ ಕೇಳುವುದಿಲ್ಲ' ಎಂದು ಬರೆಸಿಕೊಳ್ಳುವ ರೂಢಿ ಬೆಳೆಯಿತು. ಕೋವಿಡ್ ಕಾಲದಲ್ಲಿ ಬಾಡಿಗೆ ಕುಸಿದಾಗ, 2020ರ ಮೇ ತಿಂಗಳಲ್ಲಿ, ಅಲ್ಲಿನ ಒಂಟಿ ಲಾರಿ ಮಾಲೀಕರು ವಾಷಿಂಗ್ಟನ್ನಿಗೆ ಲಾರಿ ತಂದು ನಿಲ್ಲಿಸಿ ಹಾರನ್ ಹಾಕಿದ್ದು ಈ ಲೆಕ್ಕಕ್ಕಾಗಿಯೇ. ನಮ್ಮಲ್ಲಿ ಮೊಬೈಲ್ ಫೋನ್ ಬಂದ ಮೇಲೆ ಸ್ವಲ್ಪ ಬದಲಾವಣೆಯಾಗಿದೆ. ಬೆಂಗಳೂರಿನ ಬ್ಲ್ಯಾಕ್‌ಬಕ್‌ನಂಥ ಕಂಪೆನಿಗಳು 2015ರಿಂದೀಚೆಗೆ ಲೋಡು ಹುಡುಕುವುದನ್ನು ಫೋನಿನೊಳಗೆ ತಂದಿವೆ. ನಾಲ್ಕು ಕಡೆಯ ದರ ತಿಳಿದುಕೊಂಡು ಮಾತಿಗೆ ಕೂರಲು ಅದರಿಂದ ಅನುಕೂಲ. ಆದರೂ ಕೊನೆಯ ದರ ಕುದುರುವುದು ಹೆಚ್ಚಾಗಿ ಮಾತಿನಲ್ಲೇ.

ಹೊರುವವರು ಒಟ್ಟಾಗಿ ದರ ಹೇಳಿದ ಉದಾಹರಣೆಗಳೂ ಇವೆ. ಹಿಮಾಚಲ ಪ್ರದೇಶದ ಬರ್ಮಾಣಾ ಮತ್ತು ದಾರ್ಲಾಘಾಟ್ ಸಿಮೆಂಟ್ ಕಾರ್ಖಾನೆಗಳ ಲಾರಿ ಮಾಲೀಕರು ಸಂಘ ಕಟ್ಟಿಕೊಂಡವರು. ಬಾಡಿಗೆಯ ತಕರಾರಿನಿಂದ 2022ರ ಡಿಸೆಂಬರಿನಲ್ಲಿ ಎರಡೂ ಕಾರ್ಖಾನೆಗಳು ಮುಚ್ಚಿ ಎರಡು ತಿಂಗಳಿಗೂ ಹೆಚ್ಚು ಕಾಲ ನಿಂತವು. ಕೊನೆಗೆ 2023ರ ಫೆಬ್ರುವರಿಯಲ್ಲಿ ಟನ್ನಿಗೆ ಕಿಲೋಮೀಟರಿಗೆ 10 ರೂಪಾಯಿ 30 ಪೈಸೆ, ದೊಡ್ಡ ಲಾರಿಗೆ 9 ರೂಪಾಯಿ 30 ಪೈಸೆ ಎಂದು ತೀರ್ಮಾನವಾಯಿತು. ಮೊದಲಿನ ದರಕ್ಕಿಂತ ಇದು ಕಡಿಮೆಯೇ. ಆದರೆ ಅದು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು, ಗುಟ್ಟಾಗಿ ಉಳಿಯಲಿಲ್ಲ. ಇದಕ್ಕೆ ಎದುರು ಮಾತೂ ಇದೆ. ಪಂಜಾಬ್ ಸರ್ಕಾರ 2017ರಲ್ಲಿ ಲಾರಿ ಯೂನಿಯನ್ನುಗಳ ಕೂಟಕಟ್ಟುವಿಕೆಯನ್ನು ನಿಷೇಧಿಸಿತು. ಯೂನಿಯನ್ನಿನವರು ಹೊರಗಿನ ಲಾರಿಗೆ ಲೋಡು ತುಂಬಲು ಬಿಡುವುದಿಲ್ಲ, ದರ ಏರಿಸುತ್ತಾರೆ ಎಂಬುದು ಅಲ್ಲಿನ ವ್ಯಾಪಾರಿಗಳ ದೂರಾಗಿತ್ತು. ಒಂದು ಕಾರ್ಖಾನೆಯ ಬಾಗಿಲಲ್ಲಿ ಸಂಘ ಕಟ್ಟುವುದು ಸುಲಭ, ಅಲ್ಲಿ ಲೋಡು ದಿನವೂ ಹೊರಡುತ್ತದೆ. ಸಾಗರದಂಥ ಕಡೆ ಇವತ್ತು ನಾಗಪುರ, ನಾಳೆ ಅಹಮದಾಬಾದ್, ನಾಡಿದ್ದು ಏನೂ ಇಲ್ಲ. ಲಾರಿಯವರೂ ಒಂದೇ ಊರಿನವರಲ್ಲ.

ಸರ್ಕಾರ ದರ ಕಟ್ಟಬಾರದೇ ಎಂದು ಕೇಳಬಹುದು. ಬಸ್ಸಿನ ಟಿಕೆಟಿನಂತೆ ಸರಕಿನ ಬಾಡಿಗೆಗೂ ನಿರ್ದೇಶನ ಕೊಡುವ ಅಧಿಕಾರ ಮೋಟಾರು ವಾಹನ ಕಾಯಿದೆಯ 67ನೆಯ ಸೆಕ್ಷನ್ನಿನಲ್ಲಿ ರಾಜ್ಯ ಸರ್ಕಾರಕ್ಕೆ ಇದೆ. ಆದರೆ ಹೋಗುವ ದಾರಿಗೂ ಬರುವ ದಾರಿಗೂ ಬೇರೆ ಬೇರೆ ಬೆಲೆ ಇರುವ, ಜನವರಿಗೂ ಜುಲೈಗೂ ಹೋಲಿಕೆಯೇ ಇಲ್ಲದ ವ್ಯವಹಾರಕ್ಕೆ ಒಂದೇ ದರ ಕಟ್ಟುವುದು ಕಷ್ಟ. ಸರ್ಕಾರ ಕಟ್ಟುವ ದರಗಳು ಮಾತ್ರ ತಪ್ಪದೆ ಬರುತ್ತವೆ. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಂದು ಡೀಸೆಲ್ಲಿನ ಮಾರಾಟ ತೆರಿಗೆ ಶೇಕಡಾ 18.44ರಿಂದ 21.17ಕ್ಕೆ ಏರಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದರು. ನಮ್ಮ ಲೆಕ್ಕದ ನಾಗಪುರ ಪ್ರಯಾಣಕ್ಕೆ ಎರಡು ರೂಪಾಯಿ ಎಂದರೆ ಹೋಗಿ ಬರಲು ಸಾವಿರ ರೂಪಾಯಿ. ಅದನ್ನು ಬಾಡಿಗೆಗೆ ಸೇರಿಸಿ ಕೇಳುವುದು ಮತ್ತೆ ಅದೇ ಮೇಜಿನ ಮುಂದೆ, ಒಬ್ಬೊಬ್ಬನಾಗಿ.

ನಾಗಪುರದಲ್ಲಿ ಸಾಗರಕ್ಕೇ ಬರುವ ಲೋಡು ಸಿಗುವುದು ಅಪರೂಪ. ಸಿಕ್ಕಿದರೆ ಬೆಂಗಳೂರಿಗೆ ಸಿಗುತ್ತದೆ, ಇಲ್ಲವಾದರೆ ಹುಬ್ಬಳ್ಳಿಗೆ. ಅನುಭವಸ್ಥರು ಹುಬ್ಬಳ್ಳಿಗೆ ಒಪ್ಪಿಕೊಳ್ಳುತ್ತಾರೆ, ಮನೆಗೆ ಹತ್ತಿರ ಎಂದು. ಅಲ್ಲಿ ಮಾಲು ಇಳಿಸಿ, ಸಹಿ ಹಾಕಿದ ಬಿಲ್ಟಿ ಜೇಬಿಗೆ ಹಾಕಿಕೊಂಡು, ಶಿರಸಿಯ ಮೇಲೆ ಸಾಗರಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಖಾಲಿ ಬರಬೇಕು. ಆ ದೂರದ ಡೀಸೆಲ್ ಯಾವ ಬಾಡಿಗೆಯ ಮಾತಿನಲ್ಲೂ ಸೇರಿರುವುದಿಲ್ಲ.